ಅಮ್ಮೋರ ಗೋಡೆಗೊಂದು ಮೊಳೆ

ಮನೆ ಬಾಡಿಗೆಗೆ ಕೊಡೋವಾಗ ನಮ್ಮ ಕಡೆ ಯಾರೂ ಕಾಗದ ಬರೆಯಲ್ಲ. ಬಿಡಿಸೋವಾಗ ಎಲ್ಲರೂ ನನ್ನ ಹತ್ರ ಬರ್ತಾರೆ. ಕೊಳ್ಳೇಗಾಲದಲ್ಲಿ ಕರಿಕೋಟು ಹಾಕ್ಕೊಂಡ ದಿನದಿಂದ ಇದೇ ನಡೀತಿದೆ. ಬೇರೆ ಕೇಸು ಹಾಗಿರಲಿ, ಅಮ್ಮೋರ ಕೇಸೊಂದರಲ್ಲೇ ನಾನು ಮೂರು ಸಲ ನಗು ತಡ್ಕೊಂಡು ಕೆಮ್ಮಿದ್ದೀನಿ.

೧. ಯುಗಾದಿ ಬಾಡಿಗೆ

ಅಮ್ಮೋರು ರಿಟೈರಾದ ಟೀಚರು. ಕೊಳ್ಳೇಗಾಲದ ಅವರ ಸ್ವಂತ ಮನೇಲಿ ಒಬ್ಬ ಟೈಲರ್ ಬಾಡಿಗೆಗಿದ್ದ. ಅವರು ಮಾತ್ರ ಅಗರದಲ್ಲಿ ತಮ್ಮನ ಮನೇಲಿ.

"ಸಾರಿಗೆ ಉಪ್ಪು ಕಮ್ಮಿ ಅನ್ನೋ ಹಂಗಿಲ್ಲ ವಕೀಲ್ರೇ, ತಮ್ಮನ ಹೆಂಡ್ತಿ ಮೂರು ದಿನ ಮುಖ ಊದಿಸ್ಕೋತಾಳೆ. ನನ್ನ ಒಲೆ ಮುಂದೆ ನಾನು ಕೂರಬೇಕು, ಅಷ್ಟೇ" ಅಂದರು. ಹೇಳುವಾಗ ಕಣ್ಣು ತುಂಬಿತ್ತು. ನನಗೂ ಸಂಕಟ ಆಯ್ತು.

ಟೈಲರ್ ಕೋರ್ಟಿಗೆ ಹೇಳಿದ್ದೇ ಬೇರೆ. "ನಾನು ಬಾಡಿಗೆಗೇ ಇಲ್ಲ. ಅಮ್ಮೋರು ಮನೇನ ಬಾಯ್ಮಾತಲ್ಲೇ ನಂಗೆ ಕೊಟ್ಬುಟ್ಟವ್ರೆ. ಈಗ ನಾನೇ ಓನರ್ರು." ಅವನು ಬಾಡಿಗೆದಾರ ಅಂತ ಸಾಬೀತು ಮಾಡೋ ಭಾರ ನಮ್ಮ ತಲೆ ಮೇಲೆ ಬಿತ್ತು.

"ಕರಾರುಪತ್ರ ಇದೆಯಾ?" ಅಂದೆ.

"ಇಲ್ಲ."

"ರಸೀದಿ?"

"ಮನೆ ಹುಡುಗನಂಗಿದ್ದ. ಅವನಿಗೆಂಥ ರಸೀದಿ?"

"ಹಾಗಾದ್ರೆ ಬಾಡಿಗೆ ಹೇಗೆ ಕೊಡ್ತಿದ್ದ?"

"ಅರ್ಧ ಕೈಗೆ ಕೊಡ್ತಿದ್ದ. ಇನ್ನರ್ಧಕ್ಕೆ ರವಿಕೆ ಹೊಲ್ಕೊಡ್ತಿದ್ದ."

"ಅದಕ್ಕೆ ಏನಾದ್ರೂ ಸಾಕ್ಷಿ?"

ಅಮ್ಮೋರು ಸೆರಗು ಸರಿಮಾಡ್ಕೊಂಡು ತೋಳು ಮುಂದೆ ಚಾಚಿ ತೋರಿಸಿದರು. "ಇದೇ. ಹೋದ ಯುಗಾದಿ ಬಾಡಿಗೆ."

೨. ನಮ್ಮ ಸಾಕ್ಷಿ

ಬಾಡಿಗೆ ಕೊಡೋದನ್ನ ಕಣ್ಣಾರೆ ಕಂಡವನು ಒಬ್ಬನಿದ್ದ, ಹಳೇ ಎದುರುಮನೆಯವನು. ಈಗ ಕಾಮಗೆರೇಲಿದ್ದಾನೆ. "ಮಾದಪ್ಪನಾಣೆ, ಬಂದು ಏಳ್ತೀನಿ ಸಾ" ಅಂದಿದ್ದ.

ವಿಚಾರಣೆ ದಿನ ಬಂದವನೇ ಕಟಕಟೆ ಹತ್ತಿ ತುಟಿ ಬಿಗಿಹಿಡ್ಕೊಂಡು ನಿಂತ. ಏನು ಕೇಳಿದ್ರೂ ಮಾತಿಲ್ಲ. ಯಾಕಯ್ಯಾ ಅಂತ ಜಡ್ಜ್ ಸಾಹೇಬ್ರೇ ಕೇಳಿದರು.

"ಮಾದಪ್ಪನ ಬೆಟ್ಟದಿಂದ ಬರೋ ಬಸ್ನಾಗೆಲ್ಲಾ ರಶ್ಶು ಸಾ. ಟೈಲರ್‌ಗೆ ಫೋನ್ ಮಾಡ್ದೆ, ಬೈಕ್ ತಂದು ಕರ್ಕಬಂದ. ಇಡ್ಲಿನೂ ಕೊಡಿಸ್ದ. ತಿಂದ ಬಾಯ್ನಾಗೆ ಎಂಗ್ ಸಾ ಅವನ್ ಮ್ಯಾಲೆ ಏಳಾದು?"

"ಹಾಗಾದ್ರೆ ಅವನ ಪರ ಹೇಳ್ತೀಯಾ?"

"ಅದೆಂಗಾಯ್ತದೆ ಸಾ? ಅಮ್ಮೋರ್ ಮನೇಲೂ ಉಂಡಿವ್ನಿ."

ಹೊರಗೆ ಬಂದರೆ ವರಾಂಡದ ಬೆಂಚಿಂದ ಟೈಲರ್ ತಟ್ಟನೆ ಎದ್ದು, "ಕೂತ್ಕಳಿ ಅಮ್ಮೋರೆ, ಮಂಡಿ ನೋವು ನಿಮ್ಗೆ" ಅಂತ ಜಾಗ ಬಿಟ್ಟ. ಅಮ್ಮೋರು ಕೂತರು. ಸಾಕ್ಷಿಯವನು ಮತ್ತೆ ಟೈಲರ್ ಬೈಕಲ್ಲೇ ಊರಿಗೆ ಹೋದ.

೩. ಓನರ್ರು

ಈಗ ಅಮ್ಮೋರು ಅವರ ಮನೇಲೇ ಇದ್ದಾರೆ, ಉಪ್ಪು ಅವರ ಕೈಯಲ್ಲೇ ಇದೆ. ಹೇಗೆ ಅಂತ ಕೇಳಿ.

ಓನರ್ರಾಗಿ ಮನೇನ ಬೇಕಾದಂಗೆ ರಿಪೇರಿ ಮಾಡಿಸಿದ್ದೀನಿ ಅಂತ ಟೈಲರ್ ಹೇಳಿದ್ದ. ಅದನ್ನ ನೋಡಿ ಅಳತೆ ತರೋಕೆ ಕೋರ್ಟು ಒಬ್ಬ ಕಮಿಷನರ್‌ನ ಕಳಿಸ್ತು. ಎರಡೂ ಕಡೆಯ ವಕೀಲರು ಜೊತೆಗೆ ಹೋದ್ವಿ. ಅಮ್ಮೋರೂ ಬಂದು ಹೊಸ್ತಿಲ ಹತ್ರ ನಿಂತರು.

ಟೈಲರ್ ಎದೆ ಉಬ್ಬಿಸ್ಕೊಂಡು, "ಇದು ನನ್ ಗ್ವಾಡೆ, ಇದು ನನ್ ಬಾಗ್ಲು" ಅಂತ ತೋರಿಸ್ತಾ ಹೋದ. ನಾನು ಮಾತ್ರ ಸುತ್ತ ಕಣ್ಣಾಡಿಸ್ತಿದ್ದೆ. ಮಾದಪ್ಪನ ಫೋಟೋ ಸ್ಟೂಲ್ ಮೇಲೆ, ಕ್ಯಾಲೆಂಡರ್ ಕಿಟಕಿ ಸರಳಿಗೆ, ಗಡಿಯಾರ ಹೊಲಿಗೆ ಮೆಷಿನ್ ಮೇಲೆ. ಗೋಡೆ ಎಲ್ಲಾ ಬೋಳು.

ಕಮಿಷನರ್ ಟೇಪ್ ಹಿಡಿದರೆ ಆ ಕಡೆ ತುದಿ ಜಾರಿ ಜಾರಿ ಬೀಳ್ತಿತ್ತು. "ಥೂ! ಒಂದು ಮೊಳೆ, ಸುತ್ತಿಗೆ ಕೊಡಯ್ಯ. ಇಲ್ಲಿ ಹೊಡೆದು ಸಿಕ್ಕಿಸ್ತೀನಿ" ಅಂದರು.

ಟೈಲರ್ ಓಡಿ ಹೋಗಿ ಸುತ್ತಿಗೆ ತಂದ. ಕಮಿಷನರ್ ಮೊಳೆ ಇಟ್ಟು ಕೈ ಎತ್ತಿದರು.

"ಅಯ್ಯಯ್ಯೋ, ಬ್ಯಾಡಿ ಸಾ!" ಟೈಲರ್ ಎರಡೂ ಕೈಲಿ ಗೋಡೆ ತಬ್ಬಿಕೊಂಡ. "ಗ್ವಾಡೆಗೆ ಮೊಳೆ ಒಡುದ್ರೆ ಅಮ್ಮೋರು ಬಯ್ತರೆ!"

ಟೈಲರ್‌ನ ವಕೀಲರು ಚಾವಣಿ ನೋಡಿದರು. ನಾನು ಕೆಮ್ಮಿದೆ. ಕಮಿಷನರ್ ಸುತ್ತಿಗೆ ಕೆಳಗಿಟ್ಟು, ಜೇಬಿಂದ ಪೆನ್ನು ತೆಗೆದು, ಆ ಮಾತನ್ನ ಹಾಗೇ ಬರ್ಕೊಂಡರು.

ಹೊಸ್ತಿಲ ಹತ್ರದಿಂದ ಅಮ್ಮೋರು ನಿಧಾನವಾಗಿ, "ಒಂದೇ ತಾನೇ? ಹೊಡ್ಕೊಳ್ಳಲಿ ಬಿಡೋ" ಅಂದರು.

ಟೈಲರ್‌ಗೆ ಹೋದ ಜೀವ ಬಂದಂಗಾಯ್ತು. ಸುತ್ತಿಗೆ ಎತ್ತಿ ಕಮಿಷನರ್ ಕೈಗೆ ಕೊಟ್ಟ.

"ಅವ್ರೇ ಏಳುದ್ ಮ್ಯಾಕೆ ಇನ್ನೇನ್ ಸಾ, ಒಡೀರಿ!"