ಗಂಗವ್ವನ ಹೊಟ್ಟೆಯ ಎಡ ಬಲ

ಹೊಟ್ಟೆನೋವಿಗೆ ನಂಬರ್ ಹಾಕುವುದು ಬ್ಲೌಸಿಗೆ ಹುಕ್ಕು ಹಾಕುವುದಕ್ಕಿಂತ ಸುಲಭ ಎಂದು ನಾನು ಎರಡೇ ದಿನದಲ್ಲಿ ತೀರ್ಮಾನಿಸಿಬಿಟ್ಟಿದ್ದೆ.

ಅಥಣಿಯ ಒಂದು ಸಣ್ಣ ದವಾಖಾನೆಯಲ್ಲಿ ಈ ಕೆಲಸವನ್ನು ಹದಿನಾಲ್ಕು ವರ್ಷ ಮಾಡಿದವರು ನಮ್ಮ ಮನೆಯವರು. ಅವರು ತೀರಿಕೊಂಡು ಎಂಟು ತಿಂಗಳಾದ ಮೇಲೆ ಡಾಕ್ಟರು ನನ್ನನ್ನು ಕರೆಸಿದರು.

“ಭಾಬಿ, ಮನ್ಯಾಗ ಕುಂತು ಗ್ವಾಡಿ ನೋಡೂಕಿಂತ ಇಲ್ಲಿ ಬಂದು ಕುಂದರ್ರಿ. ಒಂದ ತಿಂಗಳ ನೋಡೂಣು. ಹೊಂದಿದ್ರ ಕುರ್ಚಿ ನಿಮ್ಮದ.”

ನನ್ನ ಬಳಿ ಹತ್ತನೇ ಇಯತ್ತೆ ಪಾಸಾದ ಕಾಗದವಿತ್ತು, ಇಪ್ಪತ್ತು ವರ್ಷ ಬ್ಲೌಸ್ ಹೊಲಿದ ಅನುಭವವಿತ್ತು. ಆ ಕುರ್ಚಿ ನನಗೆ ಬೇಕಾಗಿತ್ತು. ಅದರ ಮೇಲೆ ಅವರ ದಿಂಬು ಇನ್ನೂ ಇತ್ತು.

ಕೆಲಸ ಇಷ್ಟೇ. ಡಾಕ್ಟರು ಕೇಸ್ ಪೇಪರಿನ ಮೇಲೆ ಹೊಟ್ಟೆಯ ಚಿತ್ರ ಬರೆದು, ನಾಲ್ಕು ಭಾಗ ಮಾಡಿ, ನೋವಿರುವ ಕಡೆ ಒಂದು ಗುರುತು ಹಾಕುತ್ತಾರೆ. ನಾನು ಅದಕ್ಕೆ ತಕ್ಕ ನಂಬರ್ ಹುಡುಕಿ ವಿಮೆಯವರಿಗೆ ಕಳಿಸಬೇಕು. ಕೆಳಗೆ ಬಲಕ್ಕೆ ನೋವಿದ್ದರೆ ಆರ್ 10.31. ಎಡಕ್ಕಿದ್ದರೆ 10.32. ಸುಮ್ಮನಿದ್ದಾಗ ನೋಯದೆ, ಒತ್ತಿದಾಗ ಮಾತ್ರ ನೋಯುವುದಕ್ಕೆ ಬೇರೆಯೇ ನಂಬರ್. ಆ ನೋವಿನ ಪರಿಚಯ ನನಗೆ ಮೊದಲೇ ಇತ್ತು. ಸುಮ್ಮನಿದ್ದರೆ ಏನೂ ಇಲ್ಲ, ಯಾರಾದರೂ “ಹೆಂಗದೀರಿ?” ಎಂದು ಕೇಳಿದರೆ ಆಯಿತು.

ಈ ನಂಬರುಗಳ ಪಟ್ಟಿಯನ್ನು ನಮ್ಮವರು ಕೈಯಿಂದ ಬರೆದು ಗೋಡೆಗೆ ಅಂಟಿಸಿದ್ದರು. ಅವರ ಬರಹ ಕಂಡ ಕೂಡಲೇ ಕಣ್ಣು ತುಂಬಿ, ಒಂದಕ್ಷರವೂ ಕಾಣುತ್ತಿರಲಿಲ್ಲ. ಹಾಗಾಗಿ ಮೊದಲ ದಿನವೇ ಅದರ ಮೇಲೆ ಒಂದು ಕ್ಯಾಲೆಂಡರ್ ತೂಗುಹಾಕಿ, ನಂಬರುಗಳನ್ನು ಕಂಪ್ಯೂಟರಿನಲ್ಲಿ ನೋಡಿಕೊಂಡೆ. ನನ್ನ ಆಡಳಿತದ ಮೊದಲ ಸುಧಾರಣೆ ಅದು.

ಮೂರನೇ ದಿನ ನಮ್ಮ ಓಣಿಯ ಗಂಗವ್ವ ಹೊಟ್ಟೆ ಹಿಡಿದುಕೊಂಡು ಬಂದಳು. ಅಪೆಂಡಿಕ್ಸ್. ಸಂಜೆಯೊಳಗೆ ವಿಮೆಯವರ ಒಪ್ಪಿಗೆ ಬಂದರೆ ಇಲ್ಲೇ ಆಪರೇಶನ್, ಬರದಿದ್ದರೆ ಮಿರಜಕ್ಕೆ ಒಯ್ಯಬೇಕು.

“ಮಿರಜ ಒಲ್ಲೆ ನಾ,” ಎಂದಳು ಗಂಗವ್ವ. “ಅಲ್ಲಿ ನನ್ನ ಮಾತಾಡ್ಸೂರ ಯಾರದಾರ? ಹಸೀನಾ, ಎಲ್ಲಾ ನಿನ್ನ ಕೈಯಾಗ ಐತಿ ನೋಡ ಬೇ.”

ಕೇಸ್ ಪೇಪರ್ ತೆರೆದೆ. ಗುರುತು ಚಿತ್ರದ ಕೆಳಗಿನ ಎಡಮೂಲೆಯಲ್ಲಿತ್ತು. 10.32 ಎಂದು ಕಳಿಸಿ, ಚಹಾ ಕುಡಿದೆ.

ಮಧ್ಯಾಹ್ನ ಉತ್ತರ ಬಂತು. ಅಪೆಂಡಿಕ್ಸ್ ಇರುವುದು ಬಲಕ್ಕೆ, ನೋವು ಎಡಕ್ಕೆ ಹೇಗೆ, ವಿವರಿಸಿ. ಡಾಕ್ಟರು ಒಳಗೆ ಬೇರೊಂದು ಆಪರೇಶನ್ ಮಾಡುತ್ತಿದ್ದರು. ಇಷ್ಟಕ್ಕೆ ಅವರನ್ನು ಕರೆಯುವುದೇ? ಸ್ಥಳ ಪರಿಶೀಲನೆಗೆ ನಾನೇ ಹೊರಟೆ.

ಗಂಗವ್ವನ ಕಾಟಿನ ಕಾಲ ಕಡೆ ನಿಂತು, “ಎಲ್ಲಿ ನೋಯ್ತೈತಿ, ತೋರ್ಸ ಯವ್ವಾ,” ಎಂದೆ. ತೋರಿಸಿದಳು. ಸರಿಯಾಗಿ ನನ್ನ ಎಡಗೈ ಕಡೆಗೇ. ಖಾತ್ರಿಯಾಗಲಿ ಎಂದು ಬಗ್ಗಿ ಒಂದು ಬೆರಳಿನಿಂದ ಒತ್ತಿದೆ. ಆಕೆ ಕೂಗಿದ ಕೂಗಿಗೆ ಪಕ್ಕದ ಕಾಟಿನ ರೋಗಿ ಎದ್ದು ಕುಳಿತ. ಸಿಸ್ಟರ್ ಓಡಿ ಬಂದಳು.

“ನಿಮಗ್ಯಾರ ಒತ್ತ ಅಂದಾರ್ರಿ?”

“ತಪಾಸ್ ಮಾಡಿದೆ,” ಎಂದೆ.

ಹಿಂದಿರುಗಿ ಬರೆದೆ: ‘ಖುದ್ದಾಗಿ ಪರೀಕ್ಷಿಸಲಾಗಿದೆ. ನೋವು ಎಡಕ್ಕೇ ಇದೆ. ಒತ್ತಿದಾಗಲೂ ಎಡಕ್ಕೇ ಇದೆ.’ ಒತ್ತಿದ ನೋವಿನ ನಂಬರನ್ನೂ ಸೇರಿಸಿ ಕಳಿಸಿದೆ.

ನಾಲ್ಕು ಗಂಟೆಗೆ ಅರ್ಜಿ ತಿರಸ್ಕೃತವಾಯಿತು. ಅದರ ಬೆನ್ನಿಗೇ ವಿಮೆಯವರು ಡಾಕ್ಟರಿಗೆ ಫೋನ್ ಮಾಡಿದರು. ಡಾಕ್ಟರು ಫೋನ್ ಕಿವಿಯಲ್ಲೇ ಇಟ್ಟುಕೊಂಡು ನನ್ನ ಕಡೆ ಬಂದರು.

“ಭಾಬಿ, ಮೂರ ದಿನದಾಗ ಅಥಣಿ ಮಂದಿ ಹೊಟ್ಟೆಲ್ಲಾ ಉಲ್ಟಾ ಆಗ್ಯಾವಂತ. ಏನ್ ನಡದೈತ್ರಿ ಇಲ್ಲಿ?”

ಪೇಷಂಟು ನಮಗೆ ಮುಖ ಮಾಡಿರುತ್ತಾನೆ, ಆದ್ದರಿಂದ ಚಿತ್ರದ ಎಡಕ್ಕಿರುವುದು ಅವನ ಬಲ ಎಂದು ವಿವರಿಸಿದರು. ನಾನು ಒಪ್ಪಲಿಲ್ಲ. ಚೀಲದಲ್ಲಿದ್ದ ಬ್ಲೌಸಿನ ಮುಂಭಾಗ ತೆಗೆದು ಟೇಬಲ್ ಮೇಲೆ ಹಾಸಿದೆ. ಹೊಲಿಯುವಾಗ ಬಟ್ಟೆಯ ಒಳಮೈ ಮೇಲೆ ಬರುತ್ತದೆ. ಆಗ ನನ್ನ ಎಡಕ್ಕೆ ಬಿದ್ದದ್ದು ತೊಡುವವಳ ಎಡವೇ. ಇಪ್ಪತ್ತು ವರ್ಷದಲ್ಲಿ ಒಂದೂ ತಪ್ಪಿಲ್ಲ.

ಡಾಕ್ಟರು ಬಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಖರೇ ಐತ್ರಿ. ನಾ ಮನಷ್ಯಾನ್ನ ಹೊರಗಿಂದ ನೋಡ್ತೀನಿ, ನೀವು ಅಸ್ತರದ ಕಡಿಂದ ನೋಡಾಕತ್ತೀರಿ.”

ಅಲ್ಲೇ ನಿಂತು ಎಲ್ಲ ನಂಬರುಗಳನ್ನೂ ಫೋನಿನಲ್ಲೇ ಸರಿಪಡಿಸಿದರು. ನಾನು ದಿಂಬನ್ನು ಚೀಲಕ್ಕೆ ತುರುಕಿ ಎದ್ದು ನಿಂತೆ.

“ಎಲ್ಲಿ ಹೊಂಟ್ರಿ?” ಎಂದವರೇ ಗೋಡೆಯ ಕ್ಯಾಲೆಂಡರ್ ಎತ್ತಿದರು. ಪಟ್ಟಿಯ ಕೆಳಗೆ, ಕೆಂಪು ಶಾಯಿಯಲ್ಲಿ, ನಮ್ಮವರ ಅಕ್ಷರ: ‘ಕಾಗದದ ಎಡ ಅಂದರೆ ರೋಗಿಯ ಬಲ. ಮತ್ತೆ ಮರೆಯಬೇಡ.’

“ಆ ‘ಮತ್ತೆ’ ಅನ್ನೂದನ್ನ ಓದ್ರಿ. ನಿಮ್ಮ ಮನಿಯವರು ಮೊದಲನೇ ವಾರ ಇದನ್ನ ಮಾಡಿದ್ರು. ಆರ ಮಂದೀದು. ನಿಮ್ಮವು ಇನ್ನಾ ನಾಕ ಆಗ್ಯಾವ.”

ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಇದನ್ನು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ ಆ ಮನುಷ್ಯ. ನಾನು ಚಹಾಕ್ಕೆ ಸಕ್ಕರೆ ಮರೆತರೆ ಮಾತ್ರ ಓಣಿಗೆಲ್ಲ ಹೇಳಿ ಬರುತ್ತಿದ್ದರು. ನನಗೆ ನಗು ಬಂತು. ಎಂಟು ತಿಂಗಳಾಗಿತ್ತು ನಕ್ಕು. ಕಣ್ಣು ಒದ್ದೆಯಾಯಿತು ನಿಜ, ಆದರೆ ಈ ಸಲ ಅಕ್ಷರ ಕಾಣುತ್ತಿತ್ತು.

ಆರು ಗಂಟೆಗೆ ಒಪ್ಪಿಗೆ ಬಂತು. ಗಂಗವ್ವನ ಆಪರೇಶನ್ ಅಥಣಿಯಲ್ಲೇ ಆಯಿತು. ಕ್ಯಾಲೆಂಡರ್ ಎದುರಿನ ಗೋಡೆಗೆ ಹೋಯಿತು. ತಿಂಗಳು ತುಂಬುವಷ್ಟರಲ್ಲಿ ‘ಕಾಗದದ ಎಡ, ರೋಗಿಯ ಬಲ’ ಎಂಬುದು ನನಗೆ ಬಾಯಿಪಾಠ. ಒಂದು ನಂಬರೂ ತಪ್ಪಲಿಲ್ಲ. ಕುರ್ಚಿ ನನ್ನದಾಯಿತು, ದಿಂಬು ಅಲ್ಲೇ ಉಳಿಯಿತು.

ಒತ್ತಿದ ತಪ್ಪಿಗೆ ಗಂಗವ್ವನಿಗೊಂದು ಖಣದ ಕುಪ್ಪಸ ಹೊಲಿದುಕೊಟ್ಟೆ, ಎಲೆ ಅಡಿಕೆ ಇಡಲು ಎಡಕ್ಕೊಂದು ಒಳಗಿಸೆ ಸಮೇತ. ತೊಟ್ಟು, ಕೈ ಹಾಕಿ, ತಡಕಾಡಿದಳು.

“ಹಸೀನಾ, ಕಿಸೆ ಬಲಕ್ಕ ಬಂದೈತೆಲ್ಲ ಬೇ. ಇದಕ್ಕೂ ಒಂದ ನಂಬರ ಐತೇನ?”

ಮರುದಿನ ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ನೋಡಿದೆ. ಇರಲಿಲ್ಲ.