ಎಕ್ಸ್‌ಚೇಂಜಿನ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ನಮ್ಮ ಕಾಕಾ ಕ್ರಿಪ್ಟೋದಲ್ಲಿ ಮುಳುಗಿಹೋದರು ಎಂದು ಹುಬ್ಬಳ್ಳಿಯ ದೇಶಪಾಂಡೆ ನಗರದಿಂದ ಬೈರಿದೇವರಕೊಪ್ಪದವರೆಗೆ ಹರಡಿರುವ ನಮ್ಮ ಬಳಗವೆಲ್ಲ ಹೇಳುತ್ತದೆ. ನಾನು ಒಪ್ಪುವುದಿಲ್ಲ. ಮುಳುಗಬೇಕಾದರೆ ನೀರಿಗಾದರೂ ಇಳಿದಿರಬೇಕಲ್ಲ! ಈ ಮನುಷ್ಯ ಮೊನ್ನೆ ಮೊನ್ನೆಯವರೆಗೂ ಒಂದೇ ಒಂದು ಕಾಯಿನ್ ಕೊಂಡವರಲ್ಲ. ಹಾಗಾದರೆ ತಮ್ಮ ಹತ್ತಿ ದಲಾಲಿ ಅಂಗಡಿಯ ಗಾದಿಯ ಮೇಲೆ ಕೂತು, ಗಿರಾಕಿ ಬಂದರೂ ತಲೆ ಎತ್ತದೆ, ಮೊಬೈಲಿನಲ್ಲಿ ನೋಡುವುದೇನನ್ನು?

ಮಗಳನ್ನು.

ಕಾಕಾನ ಈ ಒಬ್ಬಳೇ ಮಗಳು, ನನಗೆ ಅಕ್ಕ, ಬ್ಯಾಂಕ್ ಪರೀಕ್ಷೆಯ ಪುಸ್ತಕಗಳನ್ನು ಕಟ್ಟಿಟ್ಟು ಕಂಪ್ಯೂಟರಿನಲ್ಲಿ ಚಿತ್ರ ಬರೆಯಲು ಕೂತಾಗ ಕಾಕಾ "ಇದು ಕೆಲಸಲ್ಲ, ಹುಚ್ಚು" ಅಂದುಬಿಟ್ಟರು. ಅವಳು ಪುಣೆಯ ಬಸ್ಸು ಹತ್ತಿದಳು, ಅಪ್ಪನ ನಂಬರು ಬ್ಲಾಕ್ ಮಾಡಿದಳು. ಆದರೆ ತನ್ನ ಚಿತ್ರಗಳ ಕೆಳಗೆ, ಕೊಳ್ಳುವವರು ಹಣ ಕಳಿಸಲೆಂದು, ಕ್ರಿಪ್ಟೋ ವ್ಯಾಲೆಟ್ಟಿನ ವಿಳಾಸವನ್ನು ಊರಿಗೆಲ್ಲ ಕಾಣುವಂತೆ ಹಾಕಿದ್ದಳು. ಅಪ್ಪನೂ ಊರಿನವನೇ ತಾನೆ! ವಿಳಾಸ ಸಿಕ್ಕಿತು.

ಬ್ಲಾಕ್‌ಚೈನ್ ಅಂದರೆ ಜಗತ್ತಿನ ಅಪರಿಚಿತರ ವಹಿವಾಟೆಲ್ಲ ಯಾರೂ ಅಳಿಸಲಾಗದಂತೆ ಸಾಲಾಗಿ ಬರೆದಿಟ್ಟ ಅಗಾಧ ಕಂತೆ. ಅದರೊಳಗೆ ನಮಗೆ ಬೇಕಾದವರನ್ನು ಹೆಕ್ಕಿ ಕೊಡುವುದಕ್ಕೆ ಇಂಡೆಕ್ಸಿಂಗ್ ಟೂಲ್‌ಗಳಿವೆ. ವಿಳಾಸ ಹಾಕಿದರೆ ಸಾಕು, ಯಾರಿಂದ ಬಂತು, ಎಲ್ಲಿಗೆ ಹೋಯಿತು, ಎಲ್ಲ ಹೇಳುತ್ತವೆ. ಬಸ್‌ಸ್ಟಾಂಡಿನಲ್ಲಿ ಗುರುತಿಲ್ಲದವರನ್ನೂ "ಎಲ್ಲಿಗೆ ಹೊಂಟೀರಿ?" ಎಂದು ಕೇಳುವ ನಮ್ಮ ಜನಕ್ಕೆ ಇದಕ್ಕಿಂತ ಒಗ್ಗುವ ತಂತ್ರಜ್ಞಾನ ಇನ್ನೊಂದಿದೆಯೆ? ಕಾಕಾ ಅರಳೆಯ ಎಳೆಯನ್ನು ಹೆಬ್ಬೆರಳಲ್ಲಿ ಹಿಂಜಿ ನೋಡುವ ಗತ್ತಿನಲ್ಲಿ ಒಂದೊಂದೇ ಟೂಲನ್ನು ಪರೀಕ್ಷಿಸಿದರು. "ಇದು ಲಗೂ ಹೇಳ್ತೈತಿ, ಆದ್ರ ಮಾಲು ಹಸಿ ಐತಿ. ಅದು ತಡಾ ಮಾಡ್ತೈತಿ, ಆದ್ರ ಖರೇ ಹೇಳ್ತೈತಿ."

ಇಂಡೆಕ್ಸಿಂಗ್ ಟೂಲಿನ ಮೇಲೆ ಅವರಿಗೆ ಎಷ್ಟು ಪ್ರೀತಿಯೋ ಕಾಯಿನ್ ಮಾರುವ, ಕೊಳ್ಳುವ ಎಕ್ಸ್‌ಚೇಂಜುಗಳ ಮೇಲೆ ಅಷ್ಟೇ ಸಿಟ್ಟು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಸುಮ್ಮನಿರುತ್ತೇನೆಯೆ?

"ಕಾಕಾ, ಎಕ್ಸ್‌ಚೇಂಜು ಪ್ಯಾಟಿ, ಟೂಲು ಆ ಪ್ಯಾಟಿ ಸುದ್ದಿ ಹೇಳೂದು. ಎರಡನ್ನ ಹೋಲಿಸೂದ ತಪ್ಪು. ನಿಮ್ಮ ವಾದಾ ಮೊದಲನೇ ಸುತ್ತಿನ್ಯಾಗ ಬೀಳ್ತೈತಿ."

"ಬೀಳ್ಲಿ ಬಿಡು. ಎಕ್ಸ್‌ಚೇಂಜ್ ಅಂದ್ರ ಮದವಿ ಮಂಟಪದ ಬಾಗಲಾ ಇದ್ದಂಗ. ಎಲ್ಲಾರೂ ಚಪ್ಪಲಿ ಬಿಟ್ಟು ಒಳಗ ಹೋಗಬೇಕು. ಹೊರಗ ಬಂದ್ರ ಅಳತಿ ಕೂಡೂ ಯಾವ್ದೋ ಒಂದು ಜೋಡು ಕೊಟ್ಟು ಕಳಸ್ತಾರ. ನಂದ ಹೌದೋ ಅಲ್ಲೋ ಅಂತ ಕೇಳಂಗಿಲ್ಲ!"

"ಅಳತಿ ಕೂಡಿದ್ರ ಮತ್ತೇನ್ ಬೇಕ್ರಿ?"

"ಯಾರು ಯಾವ ಕಡೆ ನಡದ್ರು ಅಂತ ತಿಳೀಬೇಕಲ್ಲ ಹುಚ್ಚಿ!"

ಸತ್ಯ ಹೇಳಬೇಕೆಂದರೆ ಹೋಲಿಕೆ ಸರಿಯಾಗಿಯೇ ಇತ್ತು. ಎಕ್ಸ್‌ಚೇಂಜಿನೊಳಗೆ ಎಲ್ಲರ ಕಾಯಿನ್ನುಗಳೂ ಒಂದೇ ರಾಶಿಗೆ ಬೀಳುತ್ತವೆ. ಆಮೇಲೆ ಯಾರದು ಎಲ್ಲಿಗೆ ಹೋಯಿತೆಂದು ಹೊರಗಿನವರಿಗೆ ಕಾಣುವುದಿಲ್ಲ. ಎದುರಾಳಿಗೆ ಅಂಕ ಕೊಡುವ ಅಭ್ಯಾಸ ನನಗಿಲ್ಲ, ಆದ್ದರಿಂದ ಚಹಾ ಕುಡಿದೆ.

ಬಳಗದ ತಪ್ಪು ತಿಳುವಳಿಕೆ ಹುಟ್ಟಿದ್ದಾದರೂ ಎಲ್ಲಿ? ಅಂಗಡಿಯಲ್ಲೇ. ಪುಣೆಯಲ್ಲಿ ಒಂದು ಚಿತ್ರ ಮಾರಾಟವಾದರೆ ಹುಬ್ಬಳ್ಳಿಯಲ್ಲಿ ಇಡೀ ಸಾಲಿನ ಅಂಗಡಿಗಳಿಗೆ ಕಾಕಾನ ಲೆಕ್ಕದಲ್ಲಿ ಗಿರ್ಮಿಟ್ಟು, ಮಿರ್ಚಿ! ಮಾರಾಟವಾಗದ ವಾರ ಕಾಕಾನ ಮುಖ ನೆನೆದ ಹತ್ತಿಯ ಮೂಟೆ. ನೋಡುವವರು ಏನೆಂದುಕೊಳ್ಳಬೇಕು? ರೇಟು ಏರಿತು, ರೇಟು ಬಿತ್ತು ಅಂದುಕೊಂಡರು. ಪಕ್ಕದಂಗಡಿಯ ಸಾವಕಾರರು ಒಮ್ಮೆ ಮಿರ್ಚಿ ಕಚ್ಚುತ್ತ ಕಿವಿಯ ಹತ್ತಿರ ಬಂದರು.

"ನಮಗೂ ಒಂಚೂರು ಹೇಳ್ರೆಲಾ, ಯಾವ ಕಾಯಿನ್ ತಗೋಬೇಕು?"

"ಯಾವ್ದೂ ಬ್ಯಾಡ್ರಿ," ಅಂದರು ಕಾಕಾ. "ಚಿತ್ರಾ ತಗಿಯೂದು ಕಲೀರಿ."

ಸಾವಕಾರರು ಇದನ್ನು ಗುಟ್ಟು ಬಿಟ್ಟುಕೊಡದ ಜಾಣತನವೆಂದು ತಿಳಿದು ಊರಿಗೆಲ್ಲ ಸಾರಿದರು!

ಅಕ್ಕ ನನ್ನ ಫೋನ್ ಎತ್ತುತ್ತಾಳೆ, ಆದರೆ ಅಪ್ಪನ ಸುದ್ದಿ ತೆಗೆದರೆ ಇಟ್ಟುಬಿಡುತ್ತಾಳೆ. "ಆಕಿ ಆರಾಮ ಅದಾಳ್ರಿ ಕಾಕಾ" ಎಂದು ನಾನು ವರದಿ ಒಪ್ಪಿಸಿದರೆ ಇವರು ನಂಬಬೇಕಲ್ಲ! "ನೀ ಎರಡೂ ಕಡೆ ವಾದಾ ಮಾಡಿ ಕಪ್ ತಗೊಂಡಾಕಿ. ನಿನ್ನ ಮಾತು ಹ್ಯಾಂಗ ಹಿಡೀಲಿ?" ನನ್ನ ಸಾಧನೆಗಳಿಗೆ ಮನೆಯಲ್ಲಿ ಸಿಕ್ಕ ಮರ್ಯಾದೆ ಇಷ್ಟು.

ಹೀಗಿರುವಾಗ ಒಂದು ಬೆಳಿಗ್ಗೆ ಅಕ್ಕನ ವ್ಯಾಲೆಟ್ಟಿನಲ್ಲಿದ್ದದ್ದೆಲ್ಲ ಒಂದೇ ಸಲಕ್ಕೆ ಎಕ್ಸ್‌ಚೇಂಜಿಗೆ ಹೋಯಿತು. ಆಮೇಲೆ ಏನೂ ಇಲ್ಲ. ಹೊಸ ಚಿತ್ರವಿಲ್ಲ, ಮಾರಾಟವಿಲ್ಲ. ಅಂಗಡಿಯ ಸಾಲಿಗೆ ಗಿರ್ಮಿಟ್ಟಿಲ್ಲ.

"ಒಳಗ ಹೋದ್ಲು, ಇನ್ನೂ ಹೊರಗ ಬಂದಿಲ್ಲ," ಅಂದರು ಕಾಕಾ.

"ರೂಪಾಯಿ ಮಾಡ್ಕೊಂಡಿರ್ತಾಳ್ರಿ. ಬಾಡಿಗಿ, ರೇಶನ್ನು ಇರ್ತಾವಿಲ್ಲೊ?"

"ಅದಕ್ಕಲ್ಲ. ಚಿತ್ರಾ ಬರಿಯೂದ ಬಿಟ್ಲೇನು ಅಂತ. ನಾ ಅಂದ ಮಾತು ಆಕಿ ಮನಸಿನ್ಯಾಗ ಕುಂತಿರಬೇಕು."

ಇದಕ್ಕೆ ಪ್ರತಿವಾದ ಹುಡುಕಲು ಅಕ್ಕನಿಗೆ ಫೋನ್ ಮಾಡಿದೆ. ಚಿತ್ರದ ಸುದ್ದಿ ತೆಗೆದೊಡನೆ ಅವಳು ಪುಣೆಯ ಮಳೆಯ ವರ್ಣನೆಗೆ ಇಳಿದಳು.

ಮರುದಿನ ಕಾಕಾ ಬಂದು ನಿಂತರು. "ನನಗ ಆ ಮಂಟಪದಾಗ ಹೋಗೂದೈತಿ. ಒಂದು ಸಣ್ಣ ಕಾಯಿನ್ ಕೊಂಡು, ನನ್ನ ಸ್ವಂತ ವ್ಯಾಲೆಟ್ಟಿಗೆ ತಂದು, ಅಲ್ಲಿಂದ ಆಕಿ ವಿಳಾಸಕ್ಕ ಕಳಸ್ತೇನಿ. ಕಳಿಸೂಮುಂದ ಅದರ ಜೋಡಿ ನಾಕು ಅಕ್ಷರಾ ಬರೀಲಿಕ್ಕೆ ಬರ್ತೈತಂತಲ್ಲ. ವ್ಯಾಲೆಟ್ಟಿಗೆ ಬ್ಲಾಕ್ ಮಾಡೂ ಗುಂಡಿ ಇಲ್ಲ, ನೋಡೇನಿ."

ಎಕ್ಸ್‌ಚೇಂಜಿನವರಿಗೆ ಖಾತೆ ತೆರೆಯುವವರ ಮುಖದ ಗುರುತು ಬೇಕು. ಫೋನು ಅಪ್ಪಣೆ ಕೊಡತೊಡಗಿತು: ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಕಣ್ಣು ಮಿಟುಕಿಸಿ, ನಗಿ. ಹಣೆಯ ವಿಭೂತಿ ಹೊಳೆಯುತ್ತಿದ್ದ ಕಾಕಾ ಗೋಡೆಗೆ ಒರಗಿ ಒಂದೊಂದನ್ನೂ ಶ್ರದ್ಧೆಯಿಂದ ಪಾಲಿಸಿದರು. ಅಡುಗೆಮನೆಯ ಬಾಗಿಲಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ನನ್ನ ನೋಡಾಕ ಬಂದಾಗೂ ಇಷ್ಟು ಕಣ್ಣು ಹೊಡದಿದ್ದಿಲ್ಲ ಇವರು!"

ಸಂದೇಶದ ಕರಡನ್ನು ನಾನೇ ಮಾಡಿದ್ದೆ. ಮೂರು ಅಂಶ, ಪ್ರತಿಯೊಂದಕ್ಕೂ ಸಮರ್ಥನೆ, ಕೊನೆಗೆ ಕ್ಷಮೆ. ಕಾಕಾ ಓದಿ ಪೂರ್ತಿ ಅಳಿಸಿದರು. "ಇದು ಕಪ್ ಗೆಲ್ಲೂ ಮಾತು," ಅಂದರು. ಆಮೇಲೆ ಒಂದೇ ಬೆರಳಿನಲ್ಲಿ, ಒತ್ತಕ್ಷರ ಸಿಗದಾಗ ನನ್ನನ್ನು ಕೇಳಿ, ತಾವೇ ಬರೆದರು. ಕಳಿಸುವ ಮುನ್ನ ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡರು.

ಇನ್ನು ಅದನ್ನು ಕಾಕಾ ಅಳಿಸಲಾರರು, ಅಕ್ಕನೂ ಅಳಿಸಲಾರಳು. ಅವಳು ನೋಡಿದಳೋ ಇಲ್ಲವೋ ಎಂಬುದನ್ನು ಮಾತ್ರ ಯಾವ ಟೂಲೂ ಹೇಳುತ್ತಿಲ್ಲ. ಬ್ಲಾಕ್‌ಚೈನಿನ ಅಪರಿಚಿತರ ಸಾವಿರಾರು ವಹಿವಾಟುಗಳ ನಡುವೆ ನಮ್ಮ ಕಾಕಾನ ಒಂದು ಸಾಲು ನಿಂತಿದೆ:

"ನನಗೊಂದು ಚಿತ್ರಾ ಮಾರ್ತಿಯೇನವಾ?"