ಪಾಸ್‌ಬುಕ್ಕಿನೊಳಗೆ ಪೆನ್ಸಿಲ್ಲಿನಲ್ಲಿ ಬರೆದದ್ದು

ಹೊಸ ವರ್ಷದ ಮೊದಲ ವಾರದಲ್ಲಿ ಯಾರಾದರೂ ಹೊಸ ಪಾಸ್‌ಬುಕ್ ಮಾಡಿಸದೆ ಹೋದರೆ ನನಗೆ ವರ್ಷ ಶುರುವಾದ ಹಾಗೇ ಅನಿಸುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ನಾನು ಸಹಕಾರನಗರದ ಕಡೆ ಪಿಗ್ಮಿ ಕಲೆಕ್ಟರು. ದಿನಾ ಅಂಗಡಿಯಿಂದ ಅಂಗಡಿಗೆ ಹೋಗಿ, ಅವರು ಕೊಟ್ಟಷ್ಟು ಇಸಿದುಕೊಂಡು, ನಮ್ಮ ಸೊಸೈಟಿಯಲ್ಲಿ ಅವರವರ ಹೆಸರಿಗೆ ಕಟ್ಟುವುದು ನನ್ನ ಕೆಲಸ. ಡಿಸೆಂಬರ್ ಮೊದಲ ವಾರದವರೆಗೆ ಕಟ್ಟಿದರೆ ಬಡ್ಡಿ ಸಮೇತ ಕೈಗೆ ಬರುತ್ತದೆ, ಮಧ್ಯದಲ್ಲಿ ಮುರಿಸಿದರೆ ಬಡ್ಡಿ ಇಲ್ಲ. ಜನವರಿಯಲ್ಲಿ ಎಲ್ಲರಿಗೂ ಒಂದೊಂದು ಗುರಿ ಇರುತ್ತದೆ. ಏಪ್ರಿಲ್ ಹೊತ್ತಿಗೆ ಗುರಿ ಅಂತ ಉಳಿಯುವುದು ನನಗೊಬ್ಬನಿಗೇ. ಅವರನ್ನು ಅಂಗಡಿಯಲ್ಲಿ ಹಿಡಿಯುವುದು.

ಬೇಕರಿಯ ದೊಡ್ಡ ಪ್ಲಾನು

ಬೇಕರಿ ಯಜಮಾನರು ಒಂದು ವರ್ಷ ಜನವರಿ ಒಂದಕ್ಕೇ ಹೊಸ ಪಾಸ್‌ಬುಕ್ ಮಾಡಿಸಿದರು. "ಈ ಸಲ ಒಂದು ದೊಡ್ಡ ಪ್ಲಾನ್ ಇದೆ ಸಾರ್" ಅಂತ ಅರ್ಧ ಗಂಟೆ ವಿವರಿಸಿದರು. ನಾನು ಅವರೇ ಕೊಟ್ಟ ಆಲೂ ಬನ್ ತಿನ್ನುತ್ತಾ ತಲೆಯಾಡಿಸಿದೆ. ಕಿವಿಗಿಂತ ಬಾಯಿ ಜಾಸ್ತಿ ಕೆಲಸ ಮಾಡಿತ್ತು ಅನ್ನುವುದು ಆಮೇಲೆ ಗೊತ್ತಾಯಿತು. ಆಗಸ್ಟಿನಲ್ಲಿ ಅವರು ಪಿಗ್ಮಿ ಮುರಿಸಬೇಕು ಅಂದರು.

"ಅಷ್ಟು ದೊಡ್ಡ ಪ್ಲಾನ್ ಇತ್ತಲ್ಲ, ಬಿಟ್ಬಿಡ್ತೀರಾ?" ಅಂದೆ.

ಅವರು ಬ್ರೆಡ್ಡು ಕತ್ತರಿಸುವುದನ್ನು ನಿಲ್ಲಿಸಿ ಯೋಚಿಸಿದರು. "ಹೌದಲ್ಲ. ಏನದು ಪ್ಲಾನು?"

"ನಂಗೇನ್ ಗೊತ್ತು?"

"ಏನ್ ಸಾರ್ ಹಿಂಗಂತೀರಾ! ದುಡ್ಡು ನಿಮ್ಮತ್ರ ಕೊಟ್ಮೇಲೆ ಪ್ಲಾನೂ ನಿಮ್ಮತ್ರಾನೇ ಇರುತ್ತೆ ಅಂತ ನಾನು ಮರ್ತಿದ್ದು!"

ಅವತ್ತಿನಿಂದ ಹೊಸ ಪಾಸ್‌ಬುಕ್ ಕೊಡುವಾಗ "ಯಾತಕ್ಕೆ?" ಅಂತ ಕೇಳಿ, ಹೊದಿಕೆಯ ಒಳಗಡೆ ಬರೆದುಕೊಡುವ ಅಭ್ಯಾಸ ಮಾಡಿಕೊಂಡೆ. ಬರೆಯುವುದು ಪೆನ್ಸಿಲ್ಲಿನಲ್ಲಿ. ಮೊದಮೊದಲು ಪೆನ್ನಿನಲ್ಲಿ ಬರೆದು ಬರೆದು ಹೊಡೆದುಹಾಕಿದ ಪಾಸ್‌ಬುಕ್ಕುಗಳನ್ನು ನೋಡಿ ನಮ್ಮ ಮ್ಯಾನೇಜರು "ಇದೇನ್ರೀ, ಮಕ್ಕಳ ಕಾಪಿ ಪುಸ್ತಕಾನಾ?" ಅಂತ ಕೇಳಿದ್ದರು.

ನಮ್ಮನೆ ರಬ್ಬರು

ಊರಿಗೆಲ್ಲ ಬುದ್ಧಿ ಹೇಳುವವನು ತಾನೂ ಕಟ್ಟಬೇಕಲ್ಲ. ನನ್ನದೂ ಒಂದು ಪಾಸ್‌ಬುಕ್ ಇದೆ. ಅದರಲ್ಲಿ "ಹೊಸ ಸ್ಕೂಟರು" ಅಂತ ದುಂಡಗೆ ಬರೆದು ದೇವರ ಗೂಡಿನಲ್ಲಿ ಇಟ್ಟಿದ್ದೆ. ಡಿಸೆಂಬರಿನಲ್ಲಿ ತೆಗೆದು ನೋಡಿದರೆ "ಮಿಕ್ಸಿ" ಅಂತ ಇತ್ತು. ಅಕ್ಷರ ನನ್ನದಲ್ಲ.

"ಏನೇ ಇದು?" ಅಂತ ಹೆಂಡತಿಯನ್ನು ಕೇಳಿದೆ.

"ಪೆನ್ಸಿಲ್ಲಲ್ಲಿ ಬರ್ದಿದ್ರಿ. ನೀವೇ ಇನ್ನೂ ಗಟ್ಟಿ ಮನಸ್ಸು ಮಾಡಿಲ್ಲ ಅಂದ್ಕೊಂಡೆ" ಅಂದಳು.

ಚಟ್ನಿ ಈಗ ನುಣ್ಣಗೆ ಬರುತ್ತದೆ. ಹಳೇ ಸ್ಕೂಟರನ್ನು ಮಾತ್ರ ದಿನಾ ಬೆಳಿಗ್ಗೆ ಪಕ್ಕದ ಮನೆಯವರು ತಳ್ಳಿಕೊಡುತ್ತಾರೆ.

ಟೈಲರ್ ಭಾಯ್ ಗುರಿ

ನನ್ನ ದಾರಿಯಲ್ಲಿ ಒಬ್ಬರು ಲೇಡೀಸ್ ಟೈಲರ್ ಇದ್ದಾರೆ. ನಾನು ಭಾಯ್ ಅನ್ನುತ್ತೇನೆ, ಅವರ ಹೆಂಡತಿಗೆ ಭಾಬಿ ಅನ್ನುತ್ತೇನೆ. ಮನೆ ಏರ್‌ಪೋರ್ಟಿನ ಪಕ್ಕದ ಬಾಗಲೂರಿನಲ್ಲಿ. ಭಾಬಿ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಬಸ್ಸಿನಲ್ಲಿ ಅಂಗಡಿಗೆ ಬಂದು, ಸಂಜೆವರೆಗೂ ಸೀರೆಗಳಿಗೆ ಕುಚ್ಚು ಹಾಕುತ್ತಾರೆ.

ನಾಲ್ಕು ವರ್ಷದ ಹಿಂದೆ, ಭಾಬಿ ಇನ್ನೂ ಬರದ ಹೊತ್ತು ನೋಡಿ, ಭಾಯ್ ಹೊಸ ಪಾಸ್‌ಬುಕ್ ಮಾಡಿಸಿದರು.

"ಯಾತಕ್ಕೆ ಭಾಯ್?"

ಅವರು ಕತ್ತರಿ ಕೆಳಗಿಟ್ಟರು. "ನಮ್ಮನೆ ಮೇಲೆ ವಿಮಾನ ಎಷ್ಟು ಕೆಳಗೆ ಹೋಗುತ್ತೆ ಗೊತ್ತಾ ಸಾರ್? ಹತ್ತು ವರ್ಷ ಆಯ್ತು, ನಾವು ಮಾತಾಡೋದೇ ವಿಮಾನದ ಗ್ಯಾಪಲ್ಲಿ. ನಮ್ಮನೆಯವಳು ಟೆರೇಸಲ್ಲಿ ಬಟ್ಟೆ ಒಣಗ್ಸೋಕೆ ಹೋದ್ರೆ, ಒದ್ದೆ ಬಟ್ಟೆ ಕೈಯಲ್ಲಿ ಹಿಡ್ಕೊಂಡು, ಅದು ಮರೆ ಆಗೋವರ್ಗೂ ನೋಡ್ತಾ ನಿಲ್ತಾಳೆ. ಬಾಯಿ ಬಿಟ್ಟು ಏನೂ ಕೇಳಲ್ಲ. ಒಂದ್ಸಲ ಅವಳನ್ನ ವಿಮಾನ ಹತ್ತಿಸ್ಬೇಕು ಸಾರ್, ಅಷ್ಟೇ."

ನಾನು "ವಿಮಾನ" ಅಂತ ಬರೆದೆ. ಆ ವರ್ಷ ಹೊಲಿಗೆ ಮೆಷಿನ್ನಿನ ಮೋಟರು ಸುಟ್ಟಿತು, ಪಿಗ್ಮಿ ಮುರಿಯಿತು. ಮುಂದಿನ ವರ್ಷ ಮತ್ತೆ "ವಿಮಾನ" ಅಂತ ಬರೆದೆ. ಜೂನಿನಲ್ಲಿ ಭಾಬಿಯೇ ಪಾಸ್‌ಬುಕ್ ಹಿಡಿದು ಬಂದರು. ಗುಟ್ಟು ಅವರಿಗೆ ಯಾವಾಗಲೋ ಗೊತ್ತಾಗಿತ್ತು. ಭಾಯ್ ಪಾಸ್‌ಬುಕ್ಕನ್ನು ಬಚ್ಚಿಟ್ಟಿದ್ದು ಊಟದ ಡಬ್ಬಿಯ ಚೀಲದಲ್ಲಿ!

"ಸಾರ್, ಇದನ್ನ ಅಳಿಸಿ. ಮಗಳ ಕಾಲೇಜ್ ಫೀಸು ಅಂತ ಬರೀರಿ."

"ಭಾಬಿ, ಇದು ನಿಮಗೋಸ್ಕರ ಕಟ್ತಿರೋದು."

"ವಿಮಾನ ಎಲ್ಲೋಗುತ್ತೆ ಸಾರ್? ದಿನಾ ನಮ್ಮನೆ ಮೇಲೇ ಬರುತ್ತೆ."

ನಗುತ್ತಲೇ ಹೇಳಿದರು. ಆದರೆ ಅಳಿಸುವಾಗ ನನ್ನ ಕೈಯನ್ನು ನೋಡಲಿಲ್ಲ.

ಕನ್ನಡಕ

ಮೂರನೇ ವರ್ಷ ಮತ್ತೆ "ವಿಮಾನ" ಅಂತ ಬರೆದೆ. ಭಾಯ್ ಕಣ್ಣಿಗೆ ಅಷ್ಟು ಹೊತ್ತಿಗೆ ಸೂಜಿಯ ತೂತು ಕಾಣುತ್ತಿರಲಿಲ್ಲ, ಒಪ್ಪಿಕೊಳ್ಳುತ್ತಲೂ ಇರಲಿಲ್ಲ. ಒಂದು ದಿನ ಮದುವೆ ಮನೆಯ ಬ್ಲೌಸಿಗೆ ಒಂದು ತೋಳು ಹಸಿರು, ಇನ್ನೊಂದು ತೋಳು ನೀಲಿ ಹೊಲಿದು ಕೊಟ್ಟರು. ಆ ಹುಡುಗಿ ಕಿರುಚಿದ್ದು ರಸ್ತೆಯ ಈಚೆ ಬದಿಯಲ್ಲಿದ್ದ ನನಗೂ ಕೇಳಿಸಿತು. ಮಾರನೇ ದಿನವೇ ಭಾಬಿ ಬಂದರು. ಈ ಸಲ ರಬ್ಬರು ಅವರೇ ತಂದಿದ್ದರು.

ಹೊಸ ಕನ್ನಡಕ ಹಾಕಿಕೊಂಡು ಭಾಯ್ ಅಂಗಡಿಯನ್ನೆಲ್ಲ ಒಂದು ಸುತ್ತು ನೋಡಿದರು. ಆಮೇಲೆ ಹೆಂಡತಿಯನ್ನು ನೋಡಿ ಹಾಗೇ ನಿಂತುಬಿಟ್ಟರು.

"ಅರೇ, ನಿನ್ ಕೂದಲು ಇಷ್ಟೊಂದು ಬೆಳ್ಳಗೆ ಯಾವಾಗಾಯ್ತು?"

ಭಾಬಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. "ಸಾರ್, ಕನ್ನಡಕ ವಾಪಸ್ ತಗೋತಾರಾ ಕೇಳಿ. ಬಡ್ಡಿ ಇಲ್ದಿದ್ರೂ ಪರವಾಗಿಲ್ಲ."

ನಾವು ಮೂವರೂ ನಕ್ಕೆವು. ಆದರೆ ಮಾರನೇ ದಿನದಿಂದ ಭಾಯ್, ನಾನು ಕೇಳದೆಯೇ, ದಿನಕ್ಕೆ ಇಪ್ಪತ್ತು ರೂಪಾಯಿ ಜಾಸ್ತಿ ಕೊಡತೊಡಗಿದರು.

ಬೈ-ಟು

ಅದೇ ರಸ್ತೆಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ ನಾಲ್ಕನೇ ವರ್ಷದ ಜನವರಿಯಲ್ಲಿ ನನ್ನನ್ನು ದರ್ಶಿನಿಯ ಮುಂದೆ ಹಿಡಿದಳು. "ಅಂಕಲ್, ಈ ವರ್ಷ ಹೊರಗಡೆ ಕಾಫಿ ಕಂಪ್ಲೀಟ್ ಬಂದ್. ಆ ದುಡ್ಡು ದಿನಾ ನಿಮಗೆ ಕೊಡ್ತೀನಿ." ಮೆಚ್ಚಿಕೊಂಡೆ. ಬರೆದುಕೊಟ್ಟೆ.

ದಿನಾ ನಾಲ್ಕು ಗಂಟೆಗೆ ನಾನು ಕಾಫಿ ಕುಡಿಯುವ ಹೊತ್ತಿಗೇ ಬಂದು ದುಡ್ಡು ಕೊಡುತ್ತಿದ್ದಳು. ಕೊಟ್ಟ ಮೇಲೂ ಹೋಗುತ್ತಿರಲಿಲ್ಲ. ನನ್ನ ಲೋಟವನ್ನೇ ನೋಡುತ್ತಾ ನಿಲ್ಲುತ್ತಿದ್ದಳು. ಮೂರನೇ ದಿನ ನನಗೆ ತಡೆಯಲಾಗಲಿಲ್ಲ, ಬೈ-ಟು ಹೇಳಿದೆ. ಬೈ-ಟು ನನಗೆ ಸಾಲದೆ ಇನ್ನೊಂದು ಬೈ-ಟು ಹೇಳಿದೆ. ಅದರಲ್ಲೂ ಅವಳಿಗೆ ಅರ್ಧ.

ಡಿಸೆಂಬರಿನಲ್ಲಿ ಅವಳ ಗುರಿ ಬಡ್ಡಿ ಸಮೇತ ಮುಟ್ಟಿತು. ನಾನು ಮಧ್ಯದಲ್ಲಿ ಒಂದು ಸಲ ನನ್ನ ಪಿಗ್ಮಿಯನ್ನೇ ಮುರಿಸಬೇಕಾಗಿ ಬಂತು. ಪಾಸ್‌ಬುಕ್ಕಿನಲ್ಲಿ ಹೆಂಡತಿ ಕೇಳುವ ಮೊದಲೇ "ಕಾಫಿ" ಅಂತ ತಿದ್ದಿಬಿಟ್ಟೆ.

ವಿಮಾನ

ಆ ನಾಲ್ಕನೇ ವರ್ಷವೂ "ವಿಮಾನ" ಅಂತಲೇ ಬರೆದಿದ್ದೆ, ಈ ಸಲ ಭಾಯ್ ಪಿಗ್ಮಿ ಮುರಿಯಲಿಲ್ಲ. ದುಡ್ಡು ಕೈಗೆ ಬಂದ ದಿನ ಕಾಫಿ ಹುಡುಗಿಯೇ ಫೋನಿನಲ್ಲಿ ಹುಡುಕಿ, ಕಮ್ಮಿ ದರದ್ದು ನೋಡಿ, ಹುಬ್ಬಳ್ಳಿಗೆ ಎರಡು ಟಿಕೆಟ್ ಮಾಡಿಕೊಟ್ಟಳು. ಅಲ್ಲಿ ಭಾಬಿಯ ಅಕ್ಕ ಇದ್ದಾರೆ. ಹೋಗುವುದು ವಿಮಾನದಲ್ಲಿ, ಬರುವುದು ಯಶವಂತಪುರದ ರೈಲಿನಲ್ಲಿ. ಎರಡೂ ಕಡೆ ವಿಮಾನ ಅಂದರೆ ಇನ್ನೊಂದು ವರ್ಷ ಕಟ್ಟಬೇಕಿತ್ತು.

ಬಂದ ಮೇಲೆ ಭಾಯ್ ವಾರವಿಡೀ ಅದನ್ನೇ ಹೇಳಿದರು. "ಕಿಟಕಿ ಸೀಟು ಅವಳಿಗೆ ಬಿಟ್ಕೊಟ್ಟೆ ಸಾರ್. ಮೇಲಕ್ಕೆ ಏರ್ತಿದ್ದಂಗೇ ನಮ್ಮ ಟೆರೇಸು ಕಂಡ್ತಂತೆ, ಒಣಗಿ ಹಾಕಿದ್ದ ಬೆಡ್‌ಶೀಟೂ ಕಂಡ್ತಂತೆ!" ಭಾಬಿ ಕುಚ್ಚು ಹಾಕುತ್ತಾ ಸುಮ್ಮನೆ ನಗುತ್ತಿದ್ದರು. ನಾಲ್ಕು ಸಲ ಆ ಪದವನ್ನು ಬರೆದ ನನಗೂ ಕಣ್ಣು ತುಂಬಿ ಬಂತು.

ಜನವರಿ ಒಂದಕ್ಕೆ ಹೋದಾಗ ಭಾಯ್ ನಮಾಜಿಗೆ ಹೋಗಿದ್ದರು. ಭಾಬಿ ಸೂಜಿಪೆಟ್ಟಿಗೆಯಿಂದ ನೂರು ರೂಪಾಯಿ ತೆಗೆದರು.

"ಸಾರ್, ನನ್ನ ಹೆಸರಲ್ಲಿ ಒಂದು ಪಾಸ್‌ಬುಕ್. ಅವರಿಗೆ ಗೊತ್ತಾಗ್ಬಾರ್ದು."

"ಯಾತಕ್ಕೆ ಭಾಬಿ?"

"ವಿಮಾನಕ್ಕೆ."

"ಈಗಷ್ಟೇ ಹೋಗ್ಬಂದ್ರಲ್ಲ!"

ಅವರು ಆಕಡೆ ಈಕಡೆ ನೋಡಿದರು. "ಎಲ್ಲಿ ಸಾರ್? ಅದು ಓಡೋಕೆ ಶುರು ಮಾಡಿದ್ದೇ ತಡ, ಹೆದರ್ಕೊಂಡು ಕಣ್ಣು ಮುಚ್ದೆ. ಹುಬ್ಬಳ್ಳಿಲಿ ಬಿಟ್ಟೆ."

"ಮತ್ತೆ ಟೆರೇಸು? ಬೆಡ್‌ಶೀಟು?"

"'ಕಾಣ್ತಾ, ಕಾಣ್ತಾ' ಅಂತ ಅವರು ಕೇಳ್ತಾನೇ ಇದ್ರು. ನಾಲ್ಕು ವರ್ಷ ಕಟ್ಟಿದಾರೆ ಪಾಪ. ಇಲ್ಲ ಅಂತ ಹೆಂಗೆ ಹೇಳ್ಲಿ? ಬೆಡ್‌ಶೀಟು ಹೆಂಗೂ ನಾನೇ ಒಣಗಿ ಹಾಕಿದ್ದಲ್ಲ."

ನಗು ತಡೆದುಕೊಂಡು ಸ್ಕೂಟರಿನ ಹತ್ತಿರ ಬಂದೆ. ಮೂರನೇ ಸಲ ಕಿಕ್ ಹೊಡೆಯುವಷ್ಟರಲ್ಲಿ ಭಾಯ್ ಓಡುತ್ತಾ ಬಂದರು. ಟೋಪಿ ಇನ್ನೂ ತಲೆಯ ಮೇಲಿತ್ತು.

"ಸಾರ್, ನಂಗೊಂದು ಹೊಸ ಪಾಸ್‌ಬುಕ್. ಅವಳಿಗೆ ಹೇಳ್ಬೇಡಿ."

"ಯಾತಕ್ಕೆ ಭಾಯ್?"

"ವಿಮಾನಕ್ಕೆ. ಅವಳೇನೋ ಎಲ್ಲಾ ನೋಡಿದ್ಲು, ಧೈರ್ಯವಂತೆ. ನಾನು ಕಣ್ಣು ಮುಚ್ಕೊಂಡೇ ಕೇಳ್ತಿದ್ದೆ ಸಾರ್, ಕಾಣ್ತಾ ಕಾಣ್ತಾ ಅಂತ!"

ಪೆನ್ಸಿಲ್ಲನ್ನು ಜೇಬಿಗೆ ಹಾಕಿ ಪೆನ್ನು ತೆಗೆದೆ. ಎರಡು ಪಾಸ್‌ಬುಕ್ಕಿನಲ್ಲೂ ಒಂದೇ ಸಾಲು ಬರೆದೆ: "ವಿಮಾನ, ಕಣ್ಣು ಬಿಟ್ಕೊಂಡು."